ಸಾಧು ಎಂದು ಕೊಟ್ಟ ಹಾವು

ಗಿರಾಕಿಗಳಿಗೆ ನಾನು ಸುಳ್ಳು ಹೇಳಿಯೇ ಇಲ್ಲ ಎಂದರೆ ನನ್ನನ್ನು ಬಲ್ಲ ಯಾರೂ ನಂಬುವುದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂಬತ್ತು ವರ್ಷ ಹೂವು ಮಾರಿದವಳು ನಾನು. ನಿನ್ನೆಯ ಸೇವಂತಿಗೆಗೆ ನೀರು ಚಿಮುಕಿಸಿ ‘ಈಗ ತಾನೇ ಬಂತಮ್ಮ’ ಎಂದಿದ್ದೇನೆ. ನನ್ನ ಕೈ ಗಿಡ್ಡ, ಹಾಗಾಗಿ ನನ್ನ ಮೊಳವೂ ಗಿಡ್ಡ. ಜಗಳಕ್ಕೆ ಬಂದವರಿಗೆ ಎರಡು ಬೆರಳು ಮಾಲೆ ಹೆಚ್ಚಿಗೆ ಕತ್ತರಿಸಿ ಕೊಟ್ಟು ಬಾಯಿ ಮುಚ್ಚಿಸಿದ್ದೇನೆ. ಅಂಥ ಯಾವ ಸುಳ್ಳೂ ನನ್ನನ್ನು ಕಾಡಿದ್ದಿಲ್ಲ. ಕಾಡಿದ್ದು, ನಿಜವೆಂದೇ ನಂಬಿ ಭದ್ರಾವತಿಯ ಒಬ್ಬ ಹೆಂಗಸಿಗೆ ಹೇಳಿದ ಮಾತು: ‘ಇದು ಸಾಧು ಹಾವು, ಕಚ್ಚಲ್ಲ.’

ಹೂವಿನಲ್ಲಿ ಉಳಿಸಿದ ದುಡ್ಡಿನಿಂದ ಮೊದಲು ನಾಲ್ಕು ಜೊತೆ ಲವ್ ಬರ್ಡ್ಸ್ ತಂದು ಮನೆಯ ಹಿತ್ತಲಲ್ಲಿ ಸಾಕಿದ್ದೆ. ಅವು ಮರಿ ಮಾಡಿದವು, ಮಾರಿದೆ. ಆಮೇಲೆ ಮೀನಿಗೆ ಬಂದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಲ್ಕೊಳ ಸರ್ಕಲ್ಲಿನ ಹತ್ತಿರ ಒಂದು ಮಳಿಗೆ ಹಿಡಿದು, ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ ಜೋಡಿಸಿದೆ. ಹೊಸದಾಗಿ ಮನೆ ಕಟ್ಟಿದವರಿಗೆಲ್ಲ ಹಾಲ್‌ನಲ್ಲಿ ಬಣ್ಣದ ಮೀನು ಬೇಕಿದ್ದ ಕಾಲ ಅದು. ಅಂಗಡಿಯ ಹಿಂಬದಿಯಲ್ಲಿ ಮೊಲ, ಬಿಳಿ ಇಲಿ. ಗಂಡ ‘ಇನ್ನೇನೂ ತರಬೇಡ’ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ನಾನು ಪ್ರತಿ ವರ್ಷ ಏನಾದರೊಂದು ತರುತ್ತಿದ್ದೆ.

ಎರಡು ಸಾವಿರದ ಆರೋ ಏಳೋ ಇರಬೇಕು, ಬೆಂಗಳೂರಿನ ಸಗಟು ವ್ಯಾಪಾರಿಯ ಹತ್ತಿರ ಮೀನು ತರಲು ಹೋದಾಗ ಅವನು ಎರಡು ಪ್ಲಾಸ್ಟಿಕ್ ಡಬ್ಬಿ ತೋರಿಸಿದ. ಒಂದೊಂದರಲ್ಲಿ ಒಂದೊಂದು ಹಾವಿನ ಮರಿ. ಕಾರ್ನ್ ಸ್ನೇಕ್ ಅಂತೆ, ಅಮೆರಿಕದ ಕಡೆಯದಂತೆ, ವಿಷವಿಲ್ಲವಂತೆ. ಯಾರೋ ಸಾಕಿದ ಜೋಡಿ ಮೊಟ್ಟೆಯಿಟ್ಟು ಆದ ಮರಿಗಳು. ಕಿತ್ತಳೆ ಮೈ, ಅದರ ಮೇಲೆ ಕರಿ ಅಂಚಿನ ಕೆಂಪು ಪಟ್ಟೆ. ಒಂದು ಗೇಣುದ್ದ ಇತ್ತು, ಇನ್ನೊಂದು ಅದಕ್ಕಿಂತ ಹೆಬ್ಬೆರಳಷ್ಟು ಕಮ್ಮಿ. ಉದ್ದ ಇದ್ದದ್ದಕ್ಕೆ ಚೌಕಾಸಿ ಮುಗಿಸಿ, ದುಡ್ಡು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ:

“ಕೊಸರು?”

“ಅಕ್ಕಾ, ಹಾವಿಗೂ ಕೊಸರು ಕೇಳ್ತೀರಲ್ಲ!”

“ಸೊಪ್ಪಿಗೇ ಕೇಳ್ದೋಳು ಹಾವಿಗೆ ಬಿಡ್ತೀನಾ? ಆ ಸಣ್ಣದನ್ನ ನಿನ್ ಹತ್ರ ಯಾರು ತಗೋತಾರೆ? ಹಾಕು ಅತ್ಲಾಗೆ.”

ಹಾಕಿದ. ಹಾಗೆ ಒಂದು ಜೀವ ಕರಿಬೇವಿನ ಎಸಳಿನ ಹಾಗೆ ನನ್ನ ಚೀಲ ಸೇರಿತು. ಆ ದಿನ ರೈಲಿನಲ್ಲಿ ಬರುವಾಗ ನನಗೆ ನನ್ನ ಮೇಲೇ ಬಹಳ ಹೆಮ್ಮೆ.

ಅಂಗಡಿಗೆ ಬಂದ ಮೇಲೆ ದೊಡ್ಡದನ್ನು ಗಿರಾಕಿಗಳ ಕಣ್ಣಿಗೆ ಬೀಳಲಿ ಎಂದು ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೇ ಇಟ್ಟೆ. ಕೊಸರಿಗೆ ಬಂದದ್ದನ್ನು ಕೆಳಗೆ, ಮೀನಿನ ತೊಟ್ಟಿಗಳ ಮಗ್ಗುಲಿಗೆ, ಜಾಗ ಇದ್ದಲ್ಲಿ ತುರುಕಿದೆ. ಎರಡಕ್ಕೂ ಆಹಾರ ಒಂದೇ, ಬಿಳಿ ಇಲಿಯ ಮರಿ. ದೊಡ್ಡದು ಮುಚ್ಚಳ ತೆಗೆಯುವುದೇ ತಡ ಮೇಲೆ ಹಾರುತ್ತಿತ್ತು. ಚಿಕ್ಕದು ಮೂಸಿ ನೋಡಿ ಸುಮ್ಮನಾಗುತ್ತಿತ್ತು. ಎರಡು ವಾರಕ್ಕೊಮ್ಮೆ ತಿಂದರೆ ಹೆಚ್ಚು. ಒಂದೆರಡು ಸಲ ತಿಂದದ್ದನ್ನು ಮಾರನೆಯ ದಿನ ಕಕ್ಕಿದ್ದೂ ಉಂಟು. ಒಂದು ವರ್ಷ ಕಳೆಯುವುದರೊಳಗೆ ದೊಡ್ಡದು ನನ್ನ ಕೈಯಲ್ಲಿ ಎರಡು ಮೊಳ ಆಯಿತು, ಚಿಕ್ಕದು ಒಂದು ಮೊಳ ತಲುಪಲು ತಿಣುಕುತ್ತಿತ್ತು. ಒಂದೇ ತಾಯಿಯ ಮಕ್ಕಳು ಎಂದರೆ ಯಾರೂ ನಂಬುತ್ತಿರಲಿಲ್ಲ.

ಗುಣವೂ ಹಾಗೆಯೇ. ದೊಡ್ಡದು ಕೈ ಹತ್ತಿರ ತಂದರೆ ಕುತ್ತಿಗೆಯನ್ನು ಸೊಟ್ಟ ಮಾಡಿ ಎಗರುತ್ತಿತ್ತು. ನನಗೆ ಮೂರು ಸಲ ಕಚ್ಚಿದೆ. ಗುಲಾಬಿ ಮುಳ್ಳು ತಾಗಿದಷ್ಟೇ. ಚಿಕ್ಕದನ್ನು ಎತ್ತಿ ಮಣಿಕಟ್ಟಿಗೆ ಸುತ್ತಿಕೊಂಡರೆ ಕಟ್ಟಿದ ಮಾಲೆಯ ಹಾಗೆ ಬಿದ್ದುಕೊಂಡಿರುತ್ತಿತ್ತು. ಒಂದಕ್ಕೆ ಪೈಲ್ವಾನ ಎಂದೂ ಇನ್ನೊಂದಕ್ಕೆ ಸಾಧು ಎಂದೂ ಹೆಸರಿಟ್ಟೆ. ಬಂದವರಿಗೆಲ್ಲ ಅದನ್ನೇ ಪಾಠ ಒಪ್ಪಿಸುತ್ತಿದ್ದೆ: ಮೈ ದೊಡ್ಡದಾದಷ್ಟೂ ಸೊಕ್ಕು, ಚಿಕ್ಕದಾದಷ್ಟೂ ಸೌಮ್ಯ. ಎಷ್ಟು ಸಲ ಹೇಳಿದೆನೆಂದರೆ ಕೊನೆಗೆ ನಾನೇ ಅದನ್ನು ಶಾಸ್ತ್ರವೆಂದು ನಂಬಿದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಹಾವಿನ ಪಟ್ಟೆ ನೋಡಿದರೆ ನಮ್ಮ ಕೊಳಕುಮಂಡಲದ ನೆನಪಾಗುತ್ತದೆ. ಪಕ್ಕದ ಅಂಗಡಿಯ ಟೈಲರ್ ಮೊದಲ ಸಲ ಕಂಡಾಗ ಕೈಯಲ್ಲಿದ್ದ ಕತ್ತರಿ ಬಿಟ್ಟು ರಸ್ತೆಯಾಚೆ ನಿಂತು ‘ಮಂಡಲ! ಮಂಡಲ!’ ಎಂದು ಕೂಗಿದ್ದ. ಅವನು ಹೆದರಿದ್ದು ಸರಿಯೇ. ಗದ್ದೆಬದುವಿನಲ್ಲಿ, ಕಲ್ಲಿನ ಸಂದಿಯಲ್ಲಿ ಪಟ್ಟೆ ಹಾವು ಕಂಡರೆ ‘ಅಂಗಡಿಯಲ್ಲಿ ಇಂಥದ್ದೇ ನೋಡಿದ್ದೆ’ ಎಂದು ಕೈ ಹಾಕಬೇಡಿ. ನಮ್ಮ ನೆಲದ ಹಾವನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ ಬೇರೆ. ದೂರ ನಿಂತು, ತಿಳಿದವರನ್ನು ಕರೆಯಿರಿ.

ಆ ಟೈಲರನ ಕೂಗಿನಿಂದ ಊರೆಲ್ಲ ಸುದ್ದಿಯಾಗಿ, ನೋಡಲು ಬರುವವರು ಹೆಚ್ಚಾದರು. ಕೊಳ್ಳುವವರು ಮಾತ್ರ ಇಲ್ಲ. ಹಾಗೆ ಬಂದವರಲ್ಲಿ ಒಬ್ಬರು ಎತ್ತರದ ಮನುಷ್ಯ. ಚೌಕಳಿ ಅಂಗಿ, ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು. ಒಂದು ಗಂಟೆ ಹಾವುಗಳ ಮುಂದೆ ನಿಂತಿದ್ದರು. ನಾನು ಏನು ಕೇಳಿದರೂ ‘ಹೂಂ’, ‘ಇಲ್ಲ’. ಇಂಥವರಿಂದ ವ್ಯಾಪಾರ ಆಗುವುದಿಲ್ಲ ಎಂದು ನಾನು ತೊಟ್ಟಿ ತೊಳೆಯಲು ಹೋದೆ.

ಆಮೇಲಿನ ಶನಿವಾರ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ಮೂಗಿನ ಎರಡೂ ಕಡೆ ಬೊಟ್ಟು, ಕೈಯಲ್ಲಿ ಛತ್ರಿ. ಹಾವಿನ ಡಬ್ಬಿಗಳಿಗೆ ಬೆನ್ನು ಹಾಕಿಕೊಂಡೇ ನಿಂತಳು.

“ಅಕ್ಕಾ, ನಾನು ಭದ್ರಾವತಿಯಿಂದ ಬಂದೆ. ಹೋದ್ವಾರ ಉದ್ದಕ್ಕೆ ಒಬ್ರು ಬಂದಿದ್ರಲ್ಲ, ನಮ್ಮನೆಯವ್ರು. ನಾಳೆ ಕರ್ಕೊಂಡ್ಬರ್ತೀನಿ. ಅದಕ್ಕೆ ಮುಂಚೆ ನಿಮ್ ಹತ್ರ ಒಂದ್ ಮಾತು ಕೇಳ್ಬೇಕು.”

ಸ್ಟೂಲು ಕೊಟ್ಟು ಕೂರಿಸಿದೆ. ಚಹಾ ತರಿಸಿದೆ. ಗಿರಾಕಿ ಕೂತರೆ ಅರ್ಧ ವ್ಯಾಪಾರ ಆದ ಹಾಗೆ ಎಂಬುದು ನನ್ನ ಲೆಕ್ಕ. ಆಕೆ ಚಹಾ ಮುಟ್ಟಲಿಲ್ಲ.

“ಇಪ್ಪತ್ತಾರು ವರ್ಷ ಕಾರ್ಖಾನೇಲಿ ಫರ್ನೇಸ್ ಮುಂದೆ ನಿಂತೋರು ಅಕ್ಕಾ. ವಿಆರ್‌ಎಸ್ ತಗೊಂಡು ಎರಡ್ ವರ್ಷ ಆಯ್ತು. ಊಟಕ್ಕೆ ಬನ್ನಿ ಅಂದ್ರೆ ಬರ್ತಾರೆ, ಮಲ್ಕೊಳ್ಳಿ ಅಂದ್ರೆ ಮಲ್ಕೋತಾರೆ. ಮಿಕ್ಕಿದ್ ಹೊತ್ತು ಗೋಡೆ ನೋಡ್ಕೊಂಡು ಕೂತಿರ್ತಾರೆ. ಬೈದ್ರೂ ಮಾತಿಲ್ಲ. ಹೋದ್ವಾರ ಇಲ್ಲಿಂದ ಬಂದು ‘ಒಂದು ಹಾವು ಇಟ್ಕೊಳ್ಳೋಣ್ವಾ?’ ಅಂದ್ರು. ಎರಡ್ ವರ್ಷದಲ್ಲಿ ಅವ್ರಾಗೇ ಬಾಯ್ಬಿಟ್ಟು ಕೇಳಿದ್ದು ಇದೊಂದೇ. ಬೇಡ ಅನ್ನೋಕೆ ನಾಲ್ಗೆ ಬರ್ಲಿಲ್ಲ. ಆದ್ರೆ ನಂಗೆ ಹಾವಂದ್ರೆ ಜೀವ ಹೋಗತ್ತೆ.”

“ಮತ್ತೆ ಹೆಂಗೆ ಮಾರಾಯ್ತಿ?”

“ಒಂದ್ಸಲ ನಂಗೆ ಏನಾದ್ರೂ ಮಾಡ್ತೋ, ಅವತ್ತೇ ವಾಪಸ್ ಅಂತ ಹೇಳಿದೀನಿ. ಒಪ್ಕೊಂಡಿದಾರೆ. ಆದ್ರೆ ವಾಪಸ್ ಕೊಟ್ರೆ ಆಮೇಲೆ ಅವ್ರು ಗೋಡೇನೂ ನೋಡಲ್ಲ ಅಕ್ಕಾ, ಇನ್ನೂ ಒಳಗೆ ಹೋಗ್ಬಿಡ್ತಾರೆ. ಅದಕ್ಕೇ ಬಂದೆ. ವ್ಯಾಪಾರದ್ ಮಾತು ಬೇಡ. ಎರಡರಲ್ಲಿ ಯಾವ್ದು ಕಚ್ಚಲ್ಲ, ನಿಜ ಹೇಳಿ.”

ದೊಡ್ಡದನ್ನು ಮಾರಿದ್ದರೆ ನನಗೆ ಒಳ್ಳೆಯ ಬೆಲೆ ಸಿಗುತ್ತಿತ್ತು. ಆದರೆ ಆಕೆ ಕೇಳಿದ ರೀತಿಗೆ ನನ್ನಲ್ಲಿದ್ದ ಹೂವಿನವಳು ತೆಪ್ಪಗಾದಳು. ಕೆಳಗಿನ ಡಬ್ಬಿ ತೆಗೆದು, ಚಿಕ್ಕದನ್ನು ಮಣಿಕಟ್ಟಿಗೆ ಸುತ್ತಿಕೊಂಡು ತೋರಿಸಿದೆ. ಆಕೆ ಛತ್ರಿಯನ್ನು ಅಡ್ಡ ಹಿಡಿದು, ಅದರ ಸಂದಿಯಿಂದ ನೋಡಿದಳು.

“ಇದು ಸಾಧು ಹಾವು, ಕಚ್ಚಲ್ಲ. ನನ್ನ ಮಾತಿನ ಮೇಲೆ ತಗೊಂಡೋಗಿ. ಏನಾದ್ರೂ ಆದ್ರೆ ನಾನೇ ಬಂದು ವಾಪಸ್ ತರ್ತೀನಿ,” ಎಂದೆ.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡನ ಕಣ್ಣು ಪೈಲ್ವಾನನ ಮೇಲೇ ಇತ್ತು. ಆಕೆ ಕೆಮ್ಮಿದಳು. “ಚಿಕ್ಕದೇ ಸಾಕು,” ಎಂದರು ಅವರು. ಆಮೇಲೆ ಒಂದು ಕೆಲಸ ಮಾಡಿದರು, ಅದು ನನಗೆ ಆಗ ಏನೂ ಅನ್ನಿಸಲಿಲ್ಲ. ಮೇಲಿನ ಡಬ್ಬಿಯ ತಳಕ್ಕೆ ಅಂಗೈ ಒತ್ತಿ ಹಿಡಿದರು. ಬಗ್ಗಿ ಕೆಳಗಿನ ಡಬ್ಬಿಯ ತಳಕ್ಕೂ ಹಾಗೆಯೇ ಹಿಡಿದರು.

“ಇದು ತಣ್ಣಗಿದೆ,” ಎಂದರು.

“ನೀರಿನ ತೊಟ್ಟಿ ಪಕ್ಕ ಅಲ್ವಾ ಸಾರ್, ಇರತ್ತೆ,” ಎಂದು ನಾನು ಡಬ್ಬಿಗೆ ದಾರ ಕಟ್ಟಿದೆ. ಆಕೆಯೂ ಚೌಕಾಸಿಯಲ್ಲಿ ಕಮ್ಮಿ ಇರಲಿಲ್ಲ. ಒಂದು ಜೋಡಿ ಬಿಳಿ ಇಲಿಯನ್ನು ಬಿಟ್ಟಿಯಾಗಿ ಹಾಕಿಸಿಕೊಂಡೇ ಹೊರಟಳು.

ಹತ್ತು ದಿನಕ್ಕೆ ಫೋನು ಬಂತು: “ಅಕ್ಕಾ, ತಿಂತು.” ಮತ್ತೆ ಒಂದು ವಾರಕ್ಕೆ: “ಮತ್ತೆ ತಿಂತು.” ಆಮೇಲೆ ಒಂದು ದಿನ: “ಪೊರೆ ಬಿಡ್ತು, ಒಂದೇ ತುಂಡು, ಕಾಲ್ಚೀಲ ಬಿಚ್ಚಿಟ್ಟಂಗೆ. ಇವ್ರು ಅದನ್ನ ಪೇಪರ್ ಮಧ್ಯೆ ಇಟ್ಕೊಂಡಿದಾರೆ.” ‘ಮಾತಾಡ್ತಾರಾ?’ ಎಂದು ಕೇಳುತ್ತಿದ್ದೆ. “ಅದ್ರ ಜೊತೆ ಏನೋ ಪಿಸಪಿಸ ಅಂತಾರೆ. ನನ್ನ ಜೊತೆ ಇನ್ನೂ ಅಷ್ಟೇ,” ಎನ್ನುತ್ತಿದ್ದಳು. ಆದರೆ ದನಿ ಮೊದಲಿನ ಹಾಗಿರಲಿಲ್ಲ. ನಾನು ಅಂಗಡಿಗೆ ಬಂದವರಿಗೆಲ್ಲ ಈ ಕತೆ ಹೇಳಿ, ಪ್ರಾಣಿಯ ಗುಣ ನೋಡಿ ಮನೆಗೆ ಹೊಂದಿಸುವುದು ಹೇಗೆ ಎಂದು ಉಪದೇಶ ಕೊಡುತ್ತಿದ್ದೆ.

ಎರಡೂವರೆ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಫೋನು. “ಅಕ್ಕಾ, ಕಚ್ಬಿಡ್ತು. ನಂಗೆ,” ಎಂದಳು. ಹಿಂದಿನಿಂದ ಏನೋ ಪಾತ್ರೆ ಬಿದ್ದ ಸದ್ದು, ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಕಚ್ಚಿದರೆ ಜೀವಕ್ಕೇನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಹೆದರಿಕೆ ಅದಲ್ಲ. ಷರತ್ತು ಷರತ್ತೇ, ಹಾವು ಇವತ್ತೇ ವಾಪಸ್. ಆ ಮನುಷ್ಯ ಗೋಡೆಯತ್ತ ತಿರುಗಿ ಕೂತದ್ದು ನನ್ನ ಕಣ್ಣಿಗೆ ಕಟ್ಟಿತು. ಅದಕ್ಕೆ ಕಾರಣ ನನ್ನ ಬಾಯಿ. ಅಂಗಡಿಯ ಶಟರ್ ಎಳೆದು, ಗಾಳಿಗೆ ತೂತು ಕೊರೆದ ಖಾಲಿ ಡಬ್ಬಿ ತೆಗೆದುಕೊಂಡು ಭದ್ರಾವತಿ ಬಸ್ಸು ಹತ್ತಿದೆ.

“ಏನಮ್ಮ ಡಬ್ಬೀಲಿ?” ಎಂದ ಕಂಡಕ್ಟರ್.

“ಈಗೇನಿಲ್ಲ. ಬರೋವಾಗ ಹಾವಿರತ್ತೆ.”

“ಬರೋವಾಗ ಬೇರೆ ಬಸ್ ನೋಡ್ಕೋ ಮಾರಾಯ್ತಿ, ನನ್ನ ಬಸ್ಸಿಗೆ ಹತ್ಬೇಡ.”

ಅವರ ಮನೆ ಭದ್ರಾ ಹೊಳೆಗೆ ಹೋಗುವ ದಾರಿಯಲ್ಲಿ, ಒಂದಕ್ಕೊಂದು ಅಂಟಿದ ಹೆಂಚಿನ ಮನೆಗಳ ಸಾಲಿನಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅವರು ಒಳಗೆ ಕಬ್ಬಿಣದ ಕುರ್ಚಿಯ ಮೇಲೆ, ತೊಡೆಯ ಮೇಲೆ ಎರಡೂ ಕೈ ಊರಿಕೊಂಡು, ತಲೆ ತಗ್ಗಿಸಿ ಕೂತಿದ್ದರು. ನನ್ನ ಕೈಯಲ್ಲಿದ್ದ ಖಾಲಿ ಡಬ್ಬಿ ನೋಡಿದರು.

“ತಗೊಂಡೋಗಿ,” ಎಂದರು. ಅಷ್ಟೇ.

ಹಾವಿನ ಮನೆ ಅಡುಗೆಮನೆ ಬಾಗಿಲ ಪಕ್ಕದ ಮೂಲೆಯಲ್ಲಿತ್ತು. ನನ್ನ ಪ್ಲಾಸ್ಟಿಕ್ ಡಬ್ಬಿ ಅಲ್ಲ. ಮರದ ಪೆಟ್ಟಿಗೆ, ಮುಂದೆ ಗಾಜು. ಒಂದು ತುದಿಯಲ್ಲಿ ತಗಡಿನ ಮರೆ ಮಾಡಿ ನಲವತ್ತರ ಬಲ್ಬು ಕೂರಿಸಿದ್ದರು. ಅದಕ್ಕೆ ಹಳೆಯ ಫ್ಯಾನಿನ ರೆಗ್ಯುಲೇಟರ್ ಜೋಡಿಸಿ, ಬೆಳಕನ್ನು ಹೆಚ್ಚು ಕಮ್ಮಿ ಮಾಡುವ ವ್ಯವಸ್ಥೆ. ಒಳಗೆ ಎರಡು ಥರ್ಮಾಮೀಟರ್, ಬಿಸಿ ತುದಿಗೊಂದು, ತಂಪು ತುದಿಗೊಂದು. ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಶಾಖ ಬರೆದಿದ್ದರು. ಹಾವು ನೋಡಿ ನಾನು ಬೆಚ್ಚಿದೆ. ಒಂದೂವರೆ ಮೊಳ ದಾಟಿತ್ತು. ಮೈ ತುಂಬಿಕೊಂಡಿತ್ತು, ಬಣ್ಣ ಕೆಂಡದ ಹಾಗೆ. ನಾನು ಗಾಜಿನ ಹತ್ತಿರ ಬಗ್ಗಿದ ಕೂಡಲೇ ತಲೆಯೆತ್ತಿ ನಾಲಗೆ ಆಡಿಸಿತು. ಮಣಿಕಟ್ಟಿನ ಮೇಲೆ ಮಾಲೆಯಂತೆ ಬಿದ್ದುಕೊಂಡಿದ್ದ ಹಾವೇ ಇದು?

“ಸಾರ್, ತಪ್ಪು ನಂದು,” ಎಂದೆ. “ಸಾಧು ಅಂತ ಹೇಳಿ ಕೊಟ್ಟೋಳು ನಾನು.”

ಆಗ ಅವರು ತಲೆಯೆತ್ತಿದರು.

“ಸಾಧು ಅಲ್ಲಮ್ಮ ಅದು. ಚಳಿ ಹಿಡ್ದಿತ್ತು.”

“ಏನು?”

“ಮೇಲಿನ ಡಬ್ಬಿ ಟ್ಯೂಬ್‌ಲೈಟಿನ ಚೋಕ್ ಕೆಳಗಿತ್ತು. ಚೋಕ್ ಬಿಸಿ. ಆ ಬಿಸಿಗೆ ದೊಡ್ಡದಕ್ಕೆ ತಿಂದಿದ್ದು ಅರಗ್ತಿತ್ತು, ಬೆಳೀತು. ಇದನ್ನ ನೀವು ನೀರಿನ ಪಕ್ಕ ಇಟ್ಟಿದ್ರಿ. ಹಾವಿನ ಮೈಯಲ್ಲಿ ಬೆಂಕಿ ಇಲ್ಲಮ್ಮ, ಹೊರಗಿಂದ ತಗೋಬೇಕು. ಶಾಖ ಇಲ್ದಿದ್ರೆ ಅರಗಲ್ಲ, ಕಕ್ಕತ್ತೆ. ಓಡಾಡಕ್ಕೆ ಶಕ್ತಿ ಎಲ್ಲಿಂದ ಬರತ್ತೆ? ನಿಮ್ ಕೈ ಬೆಚ್ಚಗಿತ್ತು, ಸುತ್ಕೊಂಡು ಬಿದ್ಕೊಂಡಿತ್ತು. ಅದಕ್ಕೆ ನೀವು ಒಳ್ಳೇ ಗುಣ ಅಂದ್ರಿ.”

ನಾನು ಅಲ್ಲೇ ನೆಲದ ಮೇಲೆ ಕೂತೆ. ಒಂದು ವರ್ಷ ಊರಿಗೆಲ್ಲ ಹಂಚಿದ ಶಾಸ್ತ್ರ ಅದು. ಹಸಿದು ಸುಸ್ತಾದ ಜೀವವನ್ನು ಸೌಮ್ಯ ಎಂದು ಹೊಗಳಿ ತೋರಿಸುತ್ತಿದ್ದೆ. ದೊಡ್ಡದು ಕಣ್ಣಿಗೆ ಬೀಳಲಿ ಎಂದು ಮೇಲೆ ಇಟ್ಟದ್ದು, ಬಿಟ್ಟಿ ಬಂತೆಂದು ಕೆಳಗೆ ತುರುಕಿದ್ದು, ಎರಡೂ ನನ್ನ ವ್ಯಾಪಾರದ ಬುದ್ಧಿಯೇ. ಇದನ್ನು ಓದುವವರಲ್ಲಿ ಯಾರಾದರೂ ಹಾವೋ ಆಮೆಯೋ ಕೊಳ್ಳುವುದಿದ್ದರೆ ನನ್ನ ಮಾತು ಕೇಳಿ: ಮಾರುವವರು ಹೇಳುವ ಗುಣ ಕೇಳಬೇಡಿ. ಅದು ಇದ್ದ ಡಬ್ಬಿಯ ತಳ ಮುಟ್ಟಿ ನೋಡಿ, ಕೊನೆಯ ಸಲ ಯಾವಾಗ ತಿಂದಿತು ಎಂದು ಕೇಳಿ.

ಅಷ್ಟರಲ್ಲಿ ಆಕೆ ಹಿತ್ತಲಿನಿಂದ ಬಂದಳು. ಬಲಗೈ ತೋರುಬೆರಳಿಗೆ ಅರಿಶಿನ ಮೆತ್ತಿಕೊಂಡಿದ್ದಳು. ಅಳುಮುಖ ಇರುತ್ತದೆ ಎಂದುಕೊಂಡಿದ್ದೆ. ಮುಖ ಮದುವೆಮನೆಯಿಂದ ಬಂದವರ ಹಾಗಿತ್ತು.

“ಅಕ್ಕಾ! ಡಬ್ಬಿ ಯಾಕೆ?”

“ನೀವೇ ಫೋನ್ ಮಾಡಿದ್ರಲ್ಲ. ಮಾತು ಕೊಟ್ಟಿದ್ದೆ, ವಾಪಸ್ ತಗೊಂಡೋಗೋಕೆ ಬಂದೆ.”

“ಯಾರು ಕೊಡೋದು ವಾಪಸ್?” ಎಂದಳು ಆಕೆ, ಗಂಡನ ಕಡೆ ನೋಡಿ. “ನೀವು ಕೊಡಿ ಅಂದ್ರಾ?”

ಅವರು ಮತ್ತೆ ತಲೆ ತಗ್ಗಿಸಿದರು. “ನಿಂದೇ ಷರತ್ತು.”

ಆಕೆ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಡುಗೆಮನೆಯ ಗುಟ್ಟು ಹೇಳುವವಳಂತೆ ಹೇಳಿದಳು. ಬೆಳಿಗ್ಗೆ ಬ್ಯಾಂಕಿಗೆ ಹೋದ ಇವರು ಮಧ್ಯಾಹ್ನವಾದರೂ ಬಂದಿರಲಿಲ್ಲ. ಹಾವಿನ ನೀರಿನ ಬಟ್ಟಲು ಖಾಲಿ ಆಗಿತ್ತು. ಆಕೆ ಮೀನು ಹೆಚ್ಚುತ್ತಿದ್ದಳು. ಪಾಪ, ಬಾಯಾರಿರಬಹುದು ಎಂದು ಎದ್ದು, ಜೀವಮಾನದಲ್ಲಿ ಮೊದಲ ಸಲ ತಾನೇ ಗಾಜು ಸರಿಸಿ, ಕೈ ತೊಳೆಯದೆ ಒಳಗೆ ಹಾಕಿದಳು. ಮೀನಿನ ವಾಸನೆಗೆ ಅದು ಊಟ ಬಂತು ಎಂದುಕೊಂಡು ಬೆರಳಿಗೇ ಬಾಯಿ ಹಾಕಿತು.

“ಕಿರುಚ್ಕೊಂಡೆ ಅಕ್ಕಾ. ಓಡ್ಹೋಗಿ ನಿಮಗೆ ಫೋನ್ ಮಾಡ್ದೆ. ಅಷ್ಟೊತ್ತಿಗೆ ಇವ್ರು ಬಂದ್ರು. ಬಂದೋರು ಏನ್ ಮಾಡಿದ್ರು ಗೊತ್ತಾ? ಬೈದ್ರು! ‘ಮೀನ್ ಮುಟ್ಟಿದ್ ಕೈನ ಹಾವಿನ್ ಮುಂದೆ ಹಿಡೀತಾರೇನೇ? ಬುದ್ಧಿ ಎಲ್ಲಿಟ್ಟಿದೀಯ?’ ಅಂತ ಪಕ್ಕದ್ಮನೆಗೆ ಕೇಳೋ ಹಂಗೆ ಕೂಗಿದ್ರು. ಪಾತ್ರೆ ಒಂದು ನೆಲಕ್ಕೆ ಕುಕ್ಕಿದ್ರು. ಎರಡ್ ವರ್ಷ ಆಗಿತ್ತಕ್ಕಾ ಈ ಮನೇಲಿ ನನ್ನ ಯಾರಾದ್ರೂ ಬೈದು.”

ಹೇಳುತ್ತಾ ಆಕೆಯ ಕಣ್ಣು ತುಂಬಿತು, ಬಾಯಿ ಮಾತ್ರ ನಗುತ್ತಿತ್ತು.

“ಆಮೇಲೆ ಬೆರಳು ನೋಡ್ಕೊಂಡೆ. ಇಷ್ಟೇನಾ ಅನ್ನಿಸ್ತು. ನಮ್ಮನೆ ಬೆಕ್ಕು ಇದಕ್ಕಿಂತ ಜಾಸ್ತಿ ಪರಚಿತ್ತು. ಹುಟ್ಟಿದಾಗಿಂದ ಇದಕ್ಕಾ ನಾನು ಹೆದರ್ತಾ ಇದ್ದಿದ್ದು?”

“ಸೋಪು ಹಾಕಿ ತೊಳೀರಿ ಮೊದ್ಲು, ಅರಿಶಿನ ಸಾಲದು,” ಎಂದೆ. ಸಲಹೆ ಕೊಡದಿದ್ದರೆ ನನಗೂ ಅಳು ಬಂದುಬಿಡುತ್ತಿತ್ತು.

“ಎನ್ನಂಗ,” ಎಂದು ಆಕೆ ಗಂಡನನ್ನು ತಮಿಳಿನಲ್ಲಿ ಕರೆದಳು, ಆಮೇಲೆ ನನಗೂ ತಿಳಿಯಲಿ ಎಂದು ಕನ್ನಡಕ್ಕೆ ಬಂದಳು. “ಹಾವು ಎಲ್ಲೂ ಹೋಗಲ್ಲ. ಆದ್ರೆ ಆ ಪೆಟ್ಗೆ ಅಡುಗೆಮನೆ ಬಾಗ್ಲಲ್ಲಿ ಬೇಡ. ರೂಮಿಗೆ ತಗೊಂಡೋಗಿ.”

“ರೂಮಲ್ಲಿ ಗಾಳಿ ಜಾಸ್ತಿ. ಶಾಖ ನಿಲ್ಲಲ್ಲ,” ಎಂದರು ಅವರು.

“ಕಿಟಕಿ ಮುಚ್ಚಿ.”

“ಕಿಟಕಿ ಮುಚ್ಚಿದ್ರೆ ನಿಂಗೆ ಸೆಕೆ ಅಂತೀಯ.”

“ನಂಗೆ ಸೆಕೆ ಆದ್ರೆ ನಾನು ನೋಡ್ಕೋತೀನಿ!”

“ನೀನೇನ್ ನೋಡ್ಕೋತೀಯ, ಕೈ ತೊಳ್ಕೊಳ್ಳೋಕ್ ಬರಲ್ಲ ನಿಂಗೆ!”

ಹೀಗೆ ಅರ್ಧ ಗಂಟೆ. ನಾನು ನಡುವೆ ಬಾಯಿ ಹಾಕಲು ಎರಡು ಸಲ ನೋಡಿದೆ, ಜಾಗ ಸಿಗಲಿಲ್ಲ. ಆಕೆ ಜಗಳದ ಮಧ್ಯೆಯೇ ಮೀನುಸಾರು ಬಡಿಸಿದಳು, ಉಂಡೆ.

ಅವರು ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದರು. ದಾರಿಯಲ್ಲಿ ನನ್ನ ಪೈಲ್ವಾನನ ವಿಷಯ ತೆಗೆದರು. ಅದು ಕೋಪಿಷ್ಠನಲ್ಲವಂತೆ, ಮುಚ್ಚಳ ತೆಗೆದಾಗಲೆಲ್ಲ ಇಲಿಮರಿಯೇ ಬಂದರೆ ಕೈಯನ್ನೂ ಇಲಿ ಎಂದೇ ತಿಳಿಯುತ್ತದಂತೆ. ಕೈಗೆತ್ತಿಕೊಳ್ಳುವ ಮೊದಲು ಮೈಯನ್ನು ಕಡ್ಡಿಯಿಂದ ಮೆಲ್ಲಗೆ ಸವರಿ, ಇದು ಊಟವಲ್ಲ ಎಂದು ತಿಳಿಸಬೇಕಂತೆ. ಆಮೇಲೆ ಮಾತು ಫರ್ನೇಸಿಗೆ ಹೋಯಿತು. ಕಬ್ಬಿಣದ ಬಣ್ಣ ನೋಡಿಯೇ ಶಾಖ ಹೇಳುವುದು ಹೇಗೆ, ಮುಖಕ್ಕೆ ಬಡಿಯುವ ಬಿಸಿಯಿಂದಲೇ ಒಳಗೆ ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಅರಿಯುವುದು ಹೇಗೆ, ಕೊನೆಯ ಪಾಳಿಯ ದಿನ ಕೈಗವಸು ಬಿಚ್ಚಿ ಯಾರಿಗೆ ಕೊಟ್ಟು ಬಂದರು, ಎಲ್ಲ.

ಶಿವಮೊಗ್ಗದ ಬಸ್ಸು ಬಂದು ನಿಂತಿತು. ಅವರು ವಾಕ್ಯದ ಮಧ್ಯದಲ್ಲಿದ್ದರು. ನಾನು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ.